ತಿರುವಿನ ಹೊರಗೋಡೆ

ದಾಕ್ಷಾಯಣಿ ಕಾಸರಗೋಡಿನವಳು. ಎರ್ನಾಕುಳಂ ಜಿಲ್ಲಾ ಕೋರ್ಟಿನಲ್ಲಿ ಇಪ್ಪತ್ತೆಂಟು ವರ್ಷದಿಂದ ವಕೀಲೆ. ಅವಳು ಪಾಟೀಸವಾಲಿಗೆ ಎದ್ದಳೆಂದರೆ ಸಾಕ್ಷಿಗಳು ನೀರು ಕೇಳುತ್ತಿದ್ದರು.

ಒಂದು ಶನಿವಾರ ಮಟ್ಟಾಂಚೇರಿಯಲ್ಲಿ ದೋಣಿ ಇಳಿಯುವಾಗ ಕಾಲು ಜಾರಿ ಹಣೆ ಕಂಬಕ್ಕೆ ಬಡಿಯಿತು. ನಿಂಬೆಹಣ್ಣಿನಷ್ಟು ಬುಗುಟು ಎದ್ದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಗಂಡ ಗಣೇಶಪ್ರಸಾದ್ ಹಟ ಹಿಡಿದು ಸ್ಕ್ಯಾನ್ ಮಾಡಿಸಿದ. ಬುಗುಟು ಮೂರು ದಿನದಲ್ಲಿ ಇಳಿಯಿತು, ಆದರೆ ಸ್ಕ್ಯಾನ್ ಬೇರೆಯೇ ಸುದ್ದಿ ತಂದಿತು. ಬಲಗಣ್ಣಿನ ಹಿಂದೆ, ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಏಳು ಮಿಲಿಮೀಟರಿನ ಉಬ್ಬು. ಅದಕ್ಕೆ ಅನ್ಯೂರಿಸಂ ಎಂದು ಹೆಸರು. ಒಡೆದರೆ ಜೀವಕ್ಕೇ ಅಪಾಯ, ಒಡೆಯದೆಯೂ ಇರಬಹುದು, ಒಮ್ಮೆ ತಿರುವನಂತಪುರದಲ್ಲಿ ತೋರಿಸಿ ಎಂದರು ಡಾಕ್ಟರು.

ಗಣೇಶಪ್ರಸಾದ್ ಅಂದಿನಿಂದ ಮನೆಯನ್ನೇ ಆಸ್ಪತ್ರೆ ಮಾಡಿಬಿಟ್ಟ. ಮಿಕ್ಸಿ ಬಂದ್, ಟಿವಿಗೆ ದನಿಯಿಲ್ಲ, ಕಾಫಿ ಅರ್ಧ ಲೋಟ.

"ಮೆಟ್ಟಿಲು ಹತ್ತಬೇಡ. ಜೋರಾಗಿ ಸೀನಬೇಡ."

"ಸೀನು ಬಂದರೆ ಎಂತ ಮಾಡುವುದು? ಮುಂದಿನ ತಾರೀಕಿಗೆ ಹಾಕುವುದಾ?"

ಅವನು ನಗಲಿಲ್ಲ. ತಿರುವನಂತಪುರದ ರೈಲಿನಲ್ಲಿ ಆಲಪ್ಪುಳ ದಾಟಿದ ಮೇಲೆ ಬಾಯಿಬಿಟ್ಟ.

"ನಾನೇ ಅಲ್ವಾ ಹೇಳುತ್ತಿದ್ದದ್ದು, ಹೀಗೆ ಸಿಟ್ಟು ಮಾಡಿದರೆ ಒಂದು ದಿನ ತಲೆಯ ನರ ಒಡೆಯುತ್ತದೆ ಅಂತ. ಮದುವೆಯಾದಾಗಿನಿಂದ ಹೇಳಿದೆ. ನನ್ನ ಬಾಯಿಗೆ ಬೆಂಕಿ ಬೀಳಲಿ."

ದಾಕ್ಷಾಯಣಿ ಕಿಟಕಿಯ ಕಡೆ ತಿರುಗಿದಳು. ನಾಲ್ಕು ದಿನದಿಂದ ಅವಳಿಗೂ ಅದೇ ಮಾತು ಕಿವಿಯಲ್ಲಿ ಕೂತಿತ್ತು. ಕೋರ್ಟಿನಲ್ಲಿ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ತಾನು ಹಾರಾಡಿದ್ದೆಲ್ಲ ಲೆಕ್ಕಕ್ಕೆ ಸಿಗುವಷ್ಟಿರಲಿಲ್ಲ.

ಅಲ್ಲಿನ ಆಸ್ಪತ್ರೆಯ ಡಾಕ್ಟರ್ ಜೋಸೆಫ್ ಸಾಧು ಮನುಷ್ಯ. ಚಿತ್ರ ತೋರಿಸಿ ಮಲಯಾಳದಲ್ಲಿ ನಿಧಾನವಾಗಿ ಎಲ್ಲ ವಿವರಿಸಿದರು. ದಾಕ್ಷಾಯಣಿಗೆ ಬೇಕಾಗಿದ್ದದ್ದು ಒಂದೇ ಉತ್ತರ.

"ಇಷ್ಟೆಲ್ಲ ನಾಳ ಇರುವಾಗ ಉಬ್ಬು ಅಲ್ಲಿಯೇ ಯಾಕೆ ಬಂತು ಡಾಕ್ಟರೇ?"

"ಕಾರಣ ಹಲವು," ಎಂದು ಅವರು ಮುಗುಳ್ನಕ್ಕರು.

"ನೇರ ಉತ್ತರ ಕೊಡಲಿಕ್ಕೆ ಇವರಿಗೆ ಎಂತ ಕಷ್ಟ?" ಎಂದು ಅವಳು ಕನ್ನಡದಲ್ಲಿ ಗೊಣಗಿದಳು.

ಮೂಲೆಯ ಕಂಪ್ಯೂಟರಿನ ಹಿಂದೆ ಯಾರೋ ಕಿಸಕ್ಕೆಂದರು. ಎದ್ದು ಬಂದ ಹುಡುಗಿಯ ಹೆಸರು ನಿಶ್ಮಿತಾ. ಕಾಸರಗೋಡಿನ ಹತ್ತಿರದ ಬದಿಯಡ್ಕದವಳು, ಎಂಜಿನಿಯರಿಂಗ್ ಓದಿ ಈಗ ಇಲ್ಲಿ ಸಂಶೋಧನೆ ಮಾಡುತ್ತಿದ್ದಳು. ನಾಳದೊಳಗೆ ರಕ್ತ ಹೇಗೆ ಹರಿಯುತ್ತದೆ, ಎಲ್ಲಿ ಎಷ್ಟು ಒತ್ತುತ್ತದೆ ಎಂದು ಗಣಿತದಿಂದ ಕಂಡುಹಿಡಿಯುವುದು ಅವಳ ಕೆಲಸ.

"ಬನ್ನಿ ಆಂಟಿ, ನಾನು ತೋರಿಸ್ತೇನೆ."

ಪರದೆಯ ಮೇಲೆ ದಾಕ್ಷಾಯಣಿಯದೇ ನಾಳ ಕೊಕ್ಕೆಯಂತೆ ಬಾಗಿ ನಿಂತಿತ್ತು.

"ಇಲ್ಲಿವರೆಗೆ ರಕ್ತ ಜೋರಾಗಿ ಬರ್ತದೆ. ಇಲ್ಲಿ ತಿರುವು ಉಂಟಲ್ಲ, ರಕ್ತಕ್ಕೆ ಒಮ್ಮೆಲೇ ತಿರುಗಲಿಕ್ಕೆ ಆಗುವುದಿಲ್ಲ. ಹೊರಗಿನ ಗೋಡೆಗೆ ಹೋಗಿ ಬಡಿದು, ಅದನ್ನು ಉಜ್ಜಿಕೊಂಡೇ ಮುಂದೆ ಹೋಗ್ತದೆ. ನಿಮಿಷಕ್ಕೆ ಎಪ್ಪತ್ತು ಎಂಬತ್ತು ಸಲ, ಇಷ್ಟು ವರ್ಷ. ಒಳಪದರಕ್ಕೆ ಆ ಉಜ್ಜಾಟ ತಡೆಯದಿದ್ದರೆ ಗೋಡೆ ನಿಧಾನವಾಗಿ ತೆಳುವಾಗ್ತದೆ, ಮತ್ತೆ ಹೊರಗೆ ಉಬ್ಬುತ್ತದೆ."

"ಎಲ್ಲರಿಗೂ ತಿರುವು ಇರುವುದಿಲ್ವಾ?"

"ಇರ್ತದೆ. ಎಲ್ಲರ ಗೋಡೆ ಒಂದೇ ಥರ ಇರುವುದಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಸಪೂರ. ಬೀಡಿ ಸಿಗರೇಟು ಸೇದುವವರಿಗೆ ಹೆಚ್ಚು. ಬಿಪಿ ಇದ್ದರೂ ಹೆಚ್ಚು."

"ಹಾಗಾದರೆ ನಾನು ಹೇಳಿದ್ದರಿಂದ ಅಲ್ಲವಾ?" ಗಣೇಶಪ್ರಸಾದ್ ಹಿಂದಿನಿಂದ ಇಣುಕಿದ. ವಿಷಯ ಕೇಳಿದ ನಿಶ್ಮಿತಾ ನಗು ತಡೆದುಕೊಂಡಳು.

"ಇಲ್ಲ ಅಂಕಲ್, ನಿಮ್ಮ ಮಾತು ನಾಳದವರೆಗೆ ಹೋಗುವುದಿಲ್ಲ. ಆಂಟಿ, ನಿಮ್ಮ ಬಿಪಿ ಇವತ್ತು ನೂರ ಎಪ್ಪತ್ತು ಉಂಟು. ಮಾತ್ರೆ ದಿನಾ ತಗೊಳ್ತೀರಲ್ಲ?"

ದಾಕ್ಷಾಯಣಿ ಜೀವಮಾನದಲ್ಲಿ ಮೊದಲ ಸಲ ಸಾಕ್ಷಿಯ ಕಟಕಟೆಯಲ್ಲಿ ನಿಂತಂತೆ ತಡವರಿಸಿದಳು. ತಲೆ ಭಾರವಾಗಿ ವಾದ ಮಂಡಿಸಲಿಕ್ಕೆ ಆಗುವುದಿಲ್ಲವೆಂದು ಮಾತ್ರೆ ಬಿಟ್ಟು ಮೂರು ವರ್ಷವಾಗಿತ್ತು.

"ಪ್ರತಿ ತಿಂಗಳು ನಾನೇ ತರುತ್ತಿದ್ದೆನಲ್ಲ!" ಎಂದ ಗಣೇಶಪ್ರಸಾದ್. "ಅದೆಲ್ಲ ಎಲ್ಲಿಗೆ ಹೋಯಿತು?"

"ಕರಿಬೇವಿನ ಗಿಡದ ಬುಡಕ್ಕೆ."

ಅವನು ಕುರ್ಚಿಗೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಎಷ್ಟು ನಗು, ಎಷ್ಟು ಅಳು ಎಂದು ಅವಳಿಗೆ ಗೊತ್ತಾಗಲಿಲ್ಲ. ಅವನ ಕೈ ಹಿಡಿದುಕೊಂಡಳು.

"ತಪ್ಪಾಯಿತು. ನಿಮಗೆ ಹೇಳಬೇಕಿತ್ತು."

"ಅದೊಂದೇ ಕಾರಣ ಅಂತ ಯಾರೂ ಹೇಳಲಿಕ್ಕಾಗುವುದಿಲ್ಲ ಆಂಟಿ," ಎಂದಳು ನಿಶ್ಮಿತಾ. "ಆದರೆ ಇನ್ನು ಮೇಲೆ ಗಿಡಕ್ಕೆ ಬೇಡ."

ಬಿಪಿ ಹತೋಟಿಗೆ ಬಂದ ಮೇಲೆ ಮುಂದಿನ ತಿಂಗಳು ಚಿಕಿತ್ಸೆಯಾಯಿತು. ತಲೆ ಕೊಯ್ಯಲಿಲ್ಲ. ತೊಡೆಯ ರಕ್ತನಾಳದಿಂದ ಸಪೂರ ನಳಿಗೆ ತೂರಿಸಿ, ಉಬ್ಬಿನ ಬಾಯಿಗೆ ಅಡ್ಡವಾಗಿ ಬಲೆಯಂಥ ಕೊಳವೆ ಕೂರಿಸಿದರು. ಇನ್ನು ರಕ್ತದ ಹರಿವು ಉಬ್ಬಿನೊಳಗೆ ನುಗ್ಗದೆ ನಾಳದಲ್ಲೇ ಮುಂದೆ ಸಾಗಬೇಕು, ಉಬ್ಬಿನೊಳಗಿನ ರಕ್ತ ಹೆಪ್ಪುಗಟ್ಟಿ ಅದು ತಾನಾಗಿ ಮುಚ್ಚಬೇಕು. ಮೂರನೆಯ ದಿನ ದಾಕ್ಷಾಯಣಿ ಗಂಜಿಗೆ ಉಪ್ಪು ಕಡಿಮೆಯೆಂದು ವಾದ ಶುರುಮಾಡಿದಾಗ ಗಣೇಶಪ್ರಸಾದನಿಗೆ ಜೀವ ಬಂದಂತಾಯಿತು.

ಆರು ತಿಂಗಳ ಸ್ಕ್ಯಾನಿನಲ್ಲಿ ಉಬ್ಬು ಇರಲಿಲ್ಲ. ನಾಳ ಮೊದಲಿನಂತೆಯೇ ಬಾಗಿತ್ತು, ಆದರೆ ಹೊರಗೋಡೆ ನುಣುಪಾಗಿತ್ತು. ನಿಶ್ಮಿತಾ ಸಂಕೋಚದಿಂದ ಒಂದು ಕಾಗದ ಮುಂದಿಟ್ಟಳು.

"ಆಂಟಿ, ನಿಮ್ಮ ನಾಳದ ಚಿತ್ರ ವಿದ್ಯಾರ್ಥಿಗಳಿಗೆ ತೋರಿಸಲಿಕ್ಕೆ ಒಪ್ಪಿಗೆ ಬೇಕಿತ್ತು. ಹೆಸರು ಹಾಕುವುದಿಲ್ಲ."

ದಾಕ್ಷಾಯಣಿ ಕನ್ನಡಕ ಏರಿಸಿ ಎರಡು ಸಲ ಓದಿದಳು. ಕೆಂಪು ಪೆನ್ನು ತೆಗೆದು ಮೂರು ಕಡೆ ತಿದ್ದಿದಳು.

"ಎರಡನೇ ಕಲಂ ಯಾರು ಬರೆದದ್ದು ಮಾರಾಯ್ತಿ? ನಾಳೆ ಯಾರಾದರೂ ಕೇಸು ಹಾಕಿದರೆ ನಿಲ್ಲುವುದಿಲ್ಲ," ಎಂದು ಹೇಳಿ ಸಹಿ ಹಾಕಿದಳು.