ಮರಳಿನ ಪಸೆ

ಅಪ್ಪನ ಮೇಲೆ ಮರಳು ಕುಸಿದಾಗ ಬೆಳಿಗ್ಗೆ ಹತ್ತೂಮುಕ್ಕಾಲು. ಸುಡುಬಿಸಿಲು. ನಾಲ್ಕು ದಿನದಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಸೈಟ್ ಎಂಜಿನಿಯರ್ ಫೋನ್ ಮಾಡಿ, "ಟ್ರೆಂಚು ಕುಸಿದಿದೆ, ನಿಮ್ಮ ತಂದೆ ಒಳಗಿದ್ದಾರೆ, ಬೇಗ ಬನ್ನಿ" ಎಂದಾಗ ನನ್ನ ಬಾಯಿಂದ ಮೊದಲು ಬಿದ್ದ ಮಾತು ಏನು ಗೊತ್ತೇ? "ಸಾಧ್ಯವೇ ಇಲ್ಲ, ಗೋಡೆ ಒಣಗಿದೆ." ಅಪ್ಪ ಬದುಕಿದ್ದಾನಾ ಎಂದು ನಾನು ಕೇಳಲಿಲ್ಲ. ಈಗಲೂ ಅದು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನಾನು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮಣ್ಣನ್ನು ಚಿಕ್ಕ ಡಬ್ಬಿಗೆ ಹಾಕಿ ತೂಗುವುದು, ಒಂದು ದಿನ ಓವನ್ನಿನಲ್ಲಿಟ್ಟು ಒಣಗಿಸುವುದು, ಮತ್ತೆ ತೂಗುವುದು. ಎರಡು ತೂಕದ ನಡುವೆ ಎಷ್ಟು ಕಡಿಮೆಯಾಯಿತೋ ಅಷ್ಟು ನೀರು ಅದರಲ್ಲಿತ್ತು. ಅದನ್ನು ಒಣಮಣ್ಣಿನ ತೂಕಕ್ಕೆ ಭಾಗಿಸಿದರೆ ತೇವಾಂಶ. ಹನ್ನೊಂದು ವರ್ಷ ಇದನ್ನೇ ಮಾಡಿದ್ದೇನೆ. ಆ ಹನ್ನೊಂದು ವರ್ಷವೂ ನನ್ನ ಮೇಜಿಗೆ ಬಂದದ್ದು ಬರೀ ಜೇಡಿಮಣ್ಣು. ಜೇಡಿಯ ವಿಷಯ ಸರಳ. ಒಣಗಿದ್ದರೆ ಇಟ್ಟಿಗೆ, ನೀರು ಕುಡಿದರೆ ಬೆಣ್ಣೆ. ತೇವಾಂಶದ ಅಂಕಿ ಏರಿದರೆ ನನ್ನ ಹುಬ್ಬು ಏರುತ್ತಿತ್ತು, ಇಳಿದರೆ ಸಮಾಧಾನ. ಇಳಿದ ಅಂಕಿಯ ಪಕ್ಕ ಹಸಿರು ಪೆನ್ನಿನಲ್ಲಿ ಒಂದು ಸರಿ ಗುರುತು ಹಾಕುವುದು ನನ್ನ ಅಭ್ಯಾಸ. ಯಾರೂ ಹೇಳಿಕೊಟ್ಟದ್ದಲ್ಲ, ಕೈಗೆ ತಾನಾಗಿ ಅಂಟಿಕೊಂಡದ್ದು.

ಅಪ್ಪ ಪೈಪು ಹೂಳುವ ಗುಂಪಿನ ಮೇಸ್ತ್ರಿ. ಒಳಚರಂಡಿಯ ದೊಡ್ಡ ಪೈಪುಗಳಿಗೆ ಉದ್ದನೆಯ ಗುಂಡಿ ತೋಡಿಸಿ, ಒಳಗಿಳಿದು ಒಂದಕ್ಕೊಂದು ಜೋಡಿಸುವ ಕೆಲಸ. ಆ ಉದ್ದ ಗುಂಡಿಗೇ ಟ್ರೆಂಚು ಎನ್ನುವುದು. ಮೂವತ್ತು ವರ್ಷದಿಂದ ಊರೂರಿನ ನೆಲ ಅಗೆದವನು, ಯಂತ್ರಗಳ ಸದ್ದಿಗೆ ಕಿವಿ ಕೊಂಚ ಮಂದವಾಗಿತ್ತು. ಅವನ ಕೈಯಲ್ಲಿ ಸದಾ ಒಂದು ತಗಡಿನ ಕ್ಯಾನು ಇರುತ್ತಿತ್ತು, ಹೂಗಿಡಕ್ಕೆ ನೀರು ಹಾಕುತ್ತಾರಲ್ಲ, ತೂತು ಮೂತಿಯದು. ಅದಕ್ಕೇ ಎಲ್ಲರೂ ಅವನನ್ನು ಹಿಂದಿನಿಂದ ಮಾಲಿ ಎಂದು ಕರೆಯುತ್ತಿದ್ದರು. ಎದುರಿಗೂ ಕರೆಯುತ್ತಿದ್ದರು, ಅಪ್ಪನಿಗೆ ಬೇಜಾರಿರಲಿಲ್ಲ.

ಈ ವರ್ಷ ನಮ್ಮ ಲ್ಯಾಬಿಗೂ ಅಪ್ಪನ ಗುಂಪಿಗೂ ಒಂದೇ ಕೆಲಸ ಬಿತ್ತು. ಔಷಧಿ ಅಂಗಡಿ, ಟೈಲರ್ ಅಂಗಡಿ, ಎರಡು ಸಾಲು ಮನೆಗಳಿರುವ ಬೀದಿ. ಹಿಂದೊಂದು ಕಾಲದಲ್ಲಿ ಅಲ್ಲಿ ಹೊಳೆ ಹರಿಯುತ್ತಿತ್ತಂತೆ. ಡಾಂಬರು ಕಿತ್ತರೆ ಕೆಳಗೆಲ್ಲ ಮರಳು. ಸೋಮವಾರ ಬೆಳಿಗ್ಗೆ ಸ್ಯಾಂಪಲ್ ತೆಗೆದುಕೊಳ್ಳಲು ಹೋದೆ. ಹಿಂದಿನ ವಾರದ ಮಳೆಯಿಂದ ನೆಲ ತಂಪಾಗಿತ್ತು. ಟ್ರೆಂಚಿನ ಎರಡೂ ಗೋಡೆಗಳು ಚಾಕುವಿನಿಂದ ಕುಯ್ದಂತೆ ನೆಟ್ಟಗೆ ನಿಂತಿದ್ದವು. ಅಪ್ಪ ಅಂಚಿನಲ್ಲಿ ಬಗ್ಗಿಕೊಂಡು ಆ ಗೋಡೆಗೆ ನೀರು ಚಿಮುಕಿಸುತ್ತಿದ್ದ!

ನನಗೆ ಪಿತ್ತ ನೆತ್ತಿಗೇರಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅಮ್ಮ ಇದ್ದಾಗ ದಿನಾ ಹೇಳುತ್ತಿದ್ದಳು.

"ಅಪ್ಪಾ, ಏನ್ ಮಾಡ್ತಿದ್ದೀಯ? ಗೋಡೆಗೆ ನೀರು ಹುಯ್ತಿದ್ದೀಯಲ್ಲ, ಬುದ್ಧಿ ನೆಟ್ಟಗಿದೆಯಾ? ನಾಳೆ ಅದು ಬಂದು ನಿನ್ನ ತಲೆ ಮೇಲೇ ಕೂರುತ್ತೆ!"

ಗುಂಪಿನವರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಅಪ್ಪ ಕ್ಯಾನು ಹಿಡಿದುಕೊಂಡೇ ನಕ್ಕ. "ಇದು ಮರಳು ಕಣಮ್ಮ. ಇದಕ್ಕೆ ಸ್ವಲ್ಪ ಪಸೆ ಇರ್ಬೇಕು. ಮಳೆ ಸುರಿದ ಹಾಗಲ್ಲ, ಸುಮ್ನೆ ಮೇಲೆ ಮೇಲೆ."

"ಪಸೆಯಂತೆ ಪಸೆ! ಹನ್ನೊಂದು ವರ್ಷದಿಂದ ಮಣ್ಣಿನ ನೀರು ಅಳೀತಿರೋಳು ನಾನಾ, ನೀನಾ? ನೀರು ಸೇರಿದಷ್ಟೂ ಮಣ್ಣು ಸೋಲುತ್ತೆ. ಇಷ್ಟು ವರ್ಷ ಏನೂ ಆಗದೇ ಇದ್ದಿದ್ದು ನಿನ್ನ ಅದೃಷ್ಟ, ಅಷ್ಟೇ."

ಗುಂಡಿ ತೋಡುವ ಯಂತ್ರದ ಮೇಲಿದ್ದವನ ಅಡ್ಡಹೆಸರು ಗಡಿಬಿಡಿ. ಅಷ್ಟು ನಿಧಾನದ ಮನುಷ್ಯ ಇನ್ನೊಬ್ಬನಿಲ್ಲ, ಅದಕ್ಕೇ ಆ ಹೆಸರು. ಅಪ್ಪನ ಜೊತೆ ಇಪ್ಪತ್ತು ವರ್ಷ ದುಡಿದವನು. ಅವನು ಮೇಲಿನಿಂದಲೇ, "ಮಗಳನ್ನ ಓದಿಸಿದ್ರಲ್ಲ ಮೇಸ್ತ್ರಿ, ಈಗ ಅನುಭವಿಸಿ" ಎಂದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕು ಕ್ಯಾನನ್ನು ಕೆಳಗಿಟ್ಟ.

ನಾನು ಅಷ್ಟಕ್ಕೇ ಬಿಡಬೇಕಲ್ಲ? ಇಲ್ಲ. ಸೈಟಿನ ಪುಸ್ತಕ ತರಿಸಿ, "ಟ್ರೆಂಚಿನ ಗೋಡೆಗೆ ಯಾವ ಕಾರಣಕ್ಕೂ ನೀರು ಹಾಕಕೂಡದು" ಎಂದು ಬರೆದು, ಯಾವ ಕಾರಣಕ್ಕೂ ಎಂಬುದರ ಕೆಳಗೆ ಗೆರೆ ಎಳೆದು ಸಹಿ ಹಾಕಿದೆ. ಅಪ್ಪ ಆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, "ನೋಡ್ರೋ, ನನ್ನ ಮಗಳ ಸೈನು" ಎಂದು ಎಲ್ಲರಿಗೂ ತೋರಿಸಿದ. ಅವನಿಗೆ ನಿಜವಾಗಿಯೂ ಹೆಮ್ಮೆಯಾಗಿತ್ತು. ನನಗೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಸೋಮವಾರದ ಸ್ಯಾಂಪಲ್ಲಿನ ತೇವಾಂಶ ನೂರಕ್ಕೆ ಆರು. ಅವತ್ತು ಮಧ್ಯಾಹ್ನವೇ ಬಿಸಿಗಾಳಿ ಶುರುವಾಯಿತು. ಲ್ಯಾಬಿನ ಕಿಟಕಿ ಹಲಗೆಗಳು ಒಣಗಿ ಕಟಕಟ ಎನ್ನುತ್ತಿದ್ದವು. ಮಂಗಳವಾರದ ಡಬ್ಬಿ ಮೂರು ತೋರಿಸಿತು. ಬುಧವಾರ ಮಧ್ಯಾಹ್ನ ಗೋಡೆಯ ಮೈಯಿಂದ ಕೆರೆದು ತಂದದ್ದನ್ನು ಗುರುವಾರ ಬೆಳಿಗ್ಗೆ ಹತ್ತಕ್ಕೆ ಓವನ್ನಿನಿಂದ ತೆಗೆದು ತೂಗಿದೆ. ಒಂದಕ್ಕೂ ಕಡಿಮೆ. ಆರು, ಮೂರು, ಒಂದಕ್ಕೂ ಕಡಿಮೆ. ಆ ಕೊನೆಯ ಅಂಕಿಯ ಪಕ್ಕದಲ್ಲೂ ಹಸಿರು ಗುರುತು ಹಾಕಿ ಚಹಾ ಕುಡಿದೆ. ಒಳ್ಳೇ ಸಕ್ಕರೆ ಹಾಕಿದ್ದ ಚಹಾ. ಲೋಟ ತೊಳೆಯುತ್ತಿದ್ದಾಗ ಫೋನ್ ಬಂತು.

ನಾನು ಹೋಗುವ ಹೊತ್ತಿಗೆ ಬೀದಿ ತುಂಬಾ ಜನ. ಟ್ರೆಂಚು ಇದ್ದ ಜಾಗದಲ್ಲಿ ಅಂಗಡಿ ಕಡೆಯ ಗೋಡೆ ಪೂರ್ತಿ ಇಳಿದು, ಗುಂಡಿ ಅರ್ಧಕ್ಕಿಂತ ಮೇಲೆ ತುಂಬಿತ್ತು. ಅಪ್ಪ ಕಾಣಲಿಲ್ಲ. ಅಪ್ಪನ ಯಾವ ಭಾಗವೂ ಕಾಣಲಿಲ್ಲ. ಅಗ್ನಿಶಾಮಕದವರು ನಾಲ್ಕು ಜನ, ಗಡಿಬಿಡಿ ಒಬ್ಬ, ಕೈಯಿಂದಲೇ ಮರಳು ತೋಡುತ್ತಿದ್ದರು. ಯಂತ್ರ ಹತ್ತಿರ ತಂದರೆ ಅದುರಿ ಇನ್ನೊಂದು ಕಡೆಯೂ ಬೀಳುತ್ತದೆ. ಒಂದು ಬುಟ್ಟಿ ತೆಗೆದರೆ ಪಕ್ಕದಿಂದ ಎರಡು ಬುಟ್ಟಿ ಜಾರಿ ಬರುತ್ತಿತ್ತು, ಸದ್ದೇ ಇಲ್ಲದೆ. ಗಡಿಬಿಡಿಯ ಉಗುರುಗಳಲ್ಲಿ ರಕ್ತ.

"ಇದ್ಯಾಕೆ ಹೀಗೆ ಒಣಗಿಹೋಗಿದೆ?" ಎಂದು ಅಗ್ನಿಶಾಮಕದ ಮುಖ್ಯಸ್ಥ ಕೂಗಿದ. "ಒಂದ್ಚೂರು ಪಸೆ ಇದ್ದಿದ್ರೆ ಅಂಚು ಹಿಡ್ಕೊಳ್ತಿತ್ತು!"

ಪಸೆ. ಅಪ್ಪನ ಮಾತು ಗುರುತಿಲ್ಲದವನ ಬಾಯಲ್ಲಿ ಬಂತು. ನಾನು ಕುಕ್ಕರಿಸಿ ಒಂದು ಹಿಡಿ ಮರಳು ತೆಗೆದುಕೊಂಡು ಹಿಸುಕಿದೆ. ಬೆರಳ ಸಂದಿಯಿಂದ ಸರಸರ ಸುರಿದುಹೋಯಿತು. ಒಣಹಿಟ್ಟನ್ನು ಮುಷ್ಟಿ ಕಟ್ಟಿದರೆ ನಿಲ್ಲುತ್ತದೆಯೇ? ಕೈಗೆ ನಾಲ್ಕು ಹನಿ ನೀರು ಚಿಮುಕಿಸಿಕೊಂಡರೆ ಮಾತ್ರ ಉಂಡೆಯಾಗುತ್ತದೆ, ಚೊಂಬು ಸುರಿದರೆ ಮತ್ತೆ ಗಂಜಿ. ಅಡುಗೆಮನೆಯಲ್ಲಿ ದಿನಾ ನನ್ನ ಕೈಗೆ ಗೊತ್ತಿದ್ದದ್ದು ಲ್ಯಾಬಿನಲ್ಲಿ ನನ್ನ ತಲೆಗೆ ಗೊತ್ತಿರಲಿಲ್ಲ. ಮರಳಿನ ಕಣಗಳನ್ನು ಒಂದಕ್ಕೊಂದು ಹಿಡಿದಿಟ್ಟದ್ದು ಆ ಕೊಂಚ ನೀರೇ. ಗಾಳಿ ಅದನ್ನು ಹೀರಿತು, ನಾನು ಅಪ್ಪ ಅದನ್ನು ಮತ್ತೆ ಕೊಡದ ಹಾಗೆ ಮಾಡಿದೆ, ಮತ್ತು ಅಂಕಿ ಇಳಿದಂತೆಲ್ಲ ಹಸಿರು ಗುರುತು ಹಾಕಿದೆ.

ಗಡಿಬಿಡಿ ಎದ್ದು ಓಡಿ ಹೋದ. ಹೌದು, ಓಡಿದ. ಅಪ್ಪನ ಕ್ಯಾನನ್ನು ತುಂಬಿಕೊಂಡು ಬಂದು, ಇನ್ನೂ ನಿಂತಿದ್ದ ಗೋಡೆಯ ಮೈಗೆ ಉದ್ದಕ್ಕೂ ಚಿಮುಕಿಸಿದ. ನನ್ನ ಮುಖ ನೋಡಲಿಲ್ಲ. ಅಷ್ಟರಲ್ಲಿ ಹಲಗೆಗಳು ಬಂದವು, ಎರಡೂ ಕಡೆ ಒತ್ತುಕೊಟ್ಟು ನಿಲ್ಲಿಸಿದರು, ತೋಡಿದ ಜಾಗ ತೋಡಿದ ಹಾಗೆ ಉಳಿಯತೊಡಗಿತು.

ಮೊದಲು ಕಂಡದ್ದು ಬೆನ್ನಿನ ಅಂಗಿ. ಅಪ್ಪ ಜೋಡಣೆ ನೋಡಲು ಪೈಪಿನ ಬಾಯೊಳಗೆ ತಲೆ ಹಾಕಿದ್ದಾಗ ಗೋಡೆ ಬಂದಿತ್ತು. ತಲೆ ಪೈಪಿನೊಳಗೆ ಉಳಿದದ್ದರಿಂದ ಉಸಿರಾಡಲು ಗಾಳಿ ಸಿಕ್ಕಿತ್ತು. ಭುಜದಿಂದ ಕೆಳಗೆ ಎಲ್ಲ ಹೂತುಹೋಗಿತ್ತು. ಹೊರಗೆ ತೆಗೆದಾಗ ಮುಖ ನೀಲಿಗಟ್ಟಿತ್ತು, ಆದರೆ ಕಣ್ಣು ತೆರೆದಿತ್ತು. ನಾನು "ಅಪ್ಪಾ" ಎಂದೆ. ಅವನು ನನ್ನನ್ನು ನೋಡಿ, "ಬೇರೆ ಯಾರಿಗೂ ಏನೂ ಆಗಿಲ್ಲ ತಾನೇ?" ಎಂದ.

ಆಸ್ಪತ್ರೆಯ ಕಾರಿಡಾರಿನಲ್ಲಿ ಸೈಟ್ ಎಂಜಿನಿಯರ್ ನನ್ನ ಪಕ್ಕ ಕೂತು ಸಮಾಧಾನ ಹೇಳಿದ. "ನೀರಿನ ಮೇಲೆ ನಂಬಿಕೆ ಇಟ್ಟು ಯಾರನ್ನೂ ಒಳಗೆ ಇಳಿಸಬಾರದು ಮೇಡಂ. ಹಲಗೆ ಹಾಕಿಸ್ಬೇಕಿತ್ತು. ಆಳ ಒಂದಾಳಿಗೆ ಸ್ವಲ್ಪ ಕಡಿಮೆ ಅಂತ ನಾನೇ ಬಿಟ್ಟೆ. ತಪ್ಪು ನಂದು." ಅವನ ತಪ್ಪು ಅವನದು, ಅದು ನಿಜ. ಅವನ ತಪ್ಪಿನಿಂದ ನನ್ನದು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಡಾಕ್ಟರು ಹೊರಗೆ ಬಂದು, ಜೀವಕ್ಕೆ ಭಯವಿಲ್ಲ, ಸೊಂಟದ ಮೂಳೆ ಮೂರು ಕಡೆ ಮುರಿದಿದೆ, ಕೋಲಿಲ್ಲದೆ ನಡೆಯುವುದು ಕಷ್ಟ ಎಂದರು. ಇನ್ನು ಗುಂಡಿಗೆ ಇಳಿಯುವ ಮಾತು ಬೇಡ ಎಂದೂ ಹೇಳಿದರು.

ಎಂಜಿನಿಯರ್ ಹೋದ ಮೇಲೆ ಗಡಿಬಿಡಿ ಬಂದು ಗೋಡೆಗೆ ಒರಗಿ ನಿಂತ. ಬೆರಳುಗಳಿಗೆಲ್ಲ ಬ್ಯಾಂಡೇಜು.

"ಒಂದು ಮಾತು ಹೇಳ್ಬೇಕಮ್ಮಾ," ಎಂದ. "ಬೆಳಿಗ್ಗೆ ಬಂದವರೇ ಮೇಸ್ತ್ರಿ ಗೋಡೆಗೆ ಅಂಗೈ ಇಟ್ರು. ಪುಸುಪುಸು ಅಂತ ಉದುರ್ತು. ತಕ್ಷಣ ಎಲ್ರಿಗೂ ಹೇಳಿದ್ರು, ಇವತ್ತು ಯಾರೂ ಕೆಳಗೆ ಇಳೀಬೇಡಿ, ಜಾಯಿಂಟು ನಾನೊಬ್ಬನೇ ನೋಡ್ಕೋತೀನಿ ಅಂತ."

ನನಗೆ ಅರ್ಥವಾಗಲಿಲ್ಲ. "ಅಂದ್ರೆ? ಬೀಳುತ್ತೆ ಅಂತ ಅಪ್ಪನಿಗೆ ಗೊತ್ತಿತ್ತಾ?"

"ಮೂವತ್ತು ವರ್ಷ ಮಾಡಿದವರಿಗೆ ಗೊತ್ತಿರಲ್ವಾ? ಒಂದು ಕ್ಯಾನು ನೀರು ಹಾಕ್ಬಿಡೋಣ ಮೇಸ್ತ್ರಿ, ಯಾರು ನೋಡ್ತಾರೆ ಅಂದೆ ನಾನು. ಬೇಡ, ಅವಳು ಬರೆದು ಸೈನ್ ಹಾಕಿದ್ದಾಳೆ, ಮಧ್ಯಾಹ್ನ ಸ್ಯಾಂಪಲ್‌ಗೆ ಬರ್ತಾಳಲ್ಲ, ಒಂದ್ಕಡೆ ಕರ್ಕೊಂಡು ಹೋಗಿ ಹೇಳ್ತೀನಿ, ಅವಳೇ ತಿದ್ದಲಿ ಅಂದ್ರು. ಆ ಬೀದಿಯವರು ಎರಡು ದಿನದಿಂದ ಚರಂಡಿ ಕಟ್ಕೊಂಡಿದೆ ಅಂತ ಬಾಯಿಗೆ ಬಂದ ಹಾಗೆ ಬೈತಿದ್ರು. ಎರಡೇ ಜಾಯಿಂಟು, ಮುಗಿಸಿ ಬರ್ತೀನಿ ಅಂತ ಇಳಿದ್ರು."

ಮರಳು ಕುಸಿದದ್ದನ್ನು ಕೇಳಿದಾಗ ಆಗದ ಗಾಬರಿ ಈಗ ಆಯಿತು. ಗೊತ್ತಿಲ್ಲದೆ ಸಿಕ್ಕಿಬಿದ್ದ ಎಂದುಕೊಂಡಿದ್ದೆ. ಗೊತ್ತಿದ್ದೇ ಇಳಿದಿದ್ದ. ಎಲ್ಲರನ್ನೂ ಮೇಲೆ ನಿಲ್ಲಿಸಿ, ತಾನೊಬ್ಬನೇ ನನ್ನ ಸಹಿಯ ಕೆಳಗೆ ಇಳಿದಿದ್ದ.

ಸಂಜೆ ನನ್ನನ್ನು ವಾರ್ಡಿನೊಳಗೆ ಬಿಟ್ಟರು. ಅಪ್ಪನ ಮೂಗಿಗೆ ನಳಿಕೆ, ಸೊಂಟಕ್ಕೆ ಪಟ್ಟಿ. ಕಿವಿಯ ಮಡಿಕೆಯಲ್ಲಿ ಇನ್ನೂ ಮರಳಿತ್ತು. ಟವೆಲ್ಲಿನ ತುದಿ ಒದ್ದೆ ಮಾಡಿ ಒರೆಸುತ್ತಾ, ಮೆತ್ತಗೆ ಮಾತಾಡಬೇಕು ಎಂದುಕೊಂಡೇ ಬಂದಿದ್ದೆ. ಆಗಲಿಲ್ಲ. ಅಳುವೂ ಕೋಪವೂ ಒಟ್ಟಿಗೇ ನುಗ್ಗಿ ಬಂದವು.

"ನಿನಗೆ ಗೊತ್ತಿತ್ತಲ್ಲಪ್ಪಾ! ನಾನು ಹೇಳಿದ್ದು ತಪ್ಪು ಅಂತ ಗೊತ್ತಿತ್ತು. ಬೈಬಾರದಾಗಿತ್ತಾ? ಆ ಪುಸ್ತಕ ಹರಿದು ಬಿಸಾಕಬಾರದಾಗಿತ್ತಾ? ಮಧ್ಯಾಹ್ನದ ತನಕ ಕಾಯೋದು ಯಾಕೆ, ಒಂದು ಫೋನ್ ಮಾಡಿದ್ರೆ ಏನಾಗ್ತಿತ್ತು?"

ಅಪ್ಪ ತುಟಿ ಸವರಿಕೊಂಡ. ಪಕ್ಕದ ಹಾಸಿಗೆಯವರಿಗೆ ಕೇಳಿಸದಂತೆ ಸಣ್ಣ ದನಿಯಲ್ಲಿ ಹೇಳಿದ.

"ನನಗೆ ಕಿವಿ ಸರಿಯಾಗಿ ಕೇಳಲ್ವಲ್ಲಮ್ಮ, ಫೋನನ್ನ ಸ್ಪೀಕರಲ್ಲಿ ಹಾಕ್ಕೊಂಡೇ ಮಾತಾಡ್ಬೇಕು. ಸುತ್ತ ಎಲ್ರೂ ನಿಂತಿದ್ರು. ಅವರ ಮುಂದೆ ನಿನ್ನದು ತಪ್ಪು ಅಂತ ಹೇಗೆ ಹೇಳ್ಲಿ?"

ಸೋಮವಾರ ಅಪ್ಪನದು ತಪ್ಪು ಎಂದು ನಾನು ಹೇಳಿದ್ದು ಅವರೆಲ್ಲರ ಮುಂದೆಯೇ.