ತಡೀರಿ ಮಾವನ ಉಪ್ಪಿನ ದಾರಿ

ನನ್ನ ಸೋದರಮಾವನಷ್ಟು ನಿಧಾನವಾಗಿ ಕೈ ಚಾಚುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಟದ ಹಲಗೆಯ ಮೇಲಿನ ಮರದ ಗಾಡಿಯೊಂದನ್ನು ಒಂದೂರಿನಿಂದ ಪಕ್ಕದೂರಿಗೆ ಸರಿಸಬೇಕಾದರೆ ಅವರ ಬಲಗೈ ಮೊದಲು ಗಲ್ಲಕ್ಕೆ ಹೋಗಬೇಕು, ಗಲ್ಲದಿಂದ ಕನ್ನಡಕಕ್ಕೆ ಏರಬೇಕು, ಅಲ್ಲಿಂದಿಳಿದು ಗಾಡಿಯ ನೆತ್ತಿಯ ಮೇಲೆ ಗಾಳಿಯಲ್ಲಿ ನಿಲ್ಲಬೇಕು. ಇನ್ನೇನು ಮುಟ್ಟಿಯೇಬಿಟ್ಟರು ಎಂದು ನಾವೆಲ್ಲ ಉಸಿರು ಬಿಗಿಹಿಡಿದಾಗ ‘ತಡೀರಿ, ತಡೀರಿ’ ಎಂಬ ಉದ್ಗಾರದೊಂದಿಗೆ ಆ ಕೈ ಮತ್ತೆ ಗಲ್ಲವನ್ನೇ ಆಶ್ರಯಿಸಬೇಕು. ಅವರನ್ನು ಯಾರೂ ಅವಸರಪಡಿಸಿರುತ್ತಿರಲಿಲ್ಲ. ತಡೆಯಬೇಕಾದವರು ಯಾರು, ಏಕೆ ತಡೆಯಬೇಕು ಎಂಬುದು ಪ್ರಾಯಶಃ ಅವರಿಗೂ ತಿಳಿದಿರಲಿಲ್ಲ. ಮನೆಯವರ ಬಾಯಲ್ಲಿ ಅವರು ತಡೀರಿ ಮಾವ ಆದದ್ದು ಹೀಗೆ; ಕಾಲಕ್ರಮದಲ್ಲಿ ಅಂಚೆಯವನು ಕೂಡ ಹಾಗೆಯೇ ಕರೆಯತೊಡಗಿದ.

ಅವರ ಕಸುಬು ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮಾವ ಮನೆಯ ಹಿಂಬದಿಯ ಕೋಣೆಯಲ್ಲಿ ಕೂತು ಅದಕ್ಕೆ ಒಸಡು ಎರಕ ಹೊಯ್ದು, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಹಿಂದಿರುಗಿಸುತ್ತಿದ್ದರು. ಕಾದ ಮೇಣದ ವಾಸನೆಯ ಆ ಕೋಣೆಯ ಗೋಡೆಯುದ್ದಕ್ಕೂ ಊರಿನ ಅರ್ಧದಷ್ಟು ಬಾಯಿಗಳು ಬಿಳಿಯ ಗಾರೆಯ ರೂಪದಲ್ಲಿ ಸಾಲಾಗಿ ಆಕಳಿಸುತ್ತಿದ್ದವು. ರಸ್ತೆಯಲ್ಲಿ ಯಾರಾದರೂ ನಕ್ಕರೆ ಮಾವ ನಗುವನ್ನು ಬಿಟ್ಟು ಹಲ್ಲನ್ನೇ ನೋಡುತ್ತಿದ್ದರು. ನಡೆಯುವಾಗ ಏನೋ ಹೊಳೆದುಬಿಟ್ಟರೆ ನಡುರಸ್ತೆಯಲ್ಲೇ ನಿಂತುಬಿಡುತ್ತಿದ್ದುದರಿಂದ, ಅವರ ಹಿಂದೆ ಬರುವವರು ಎರಡು ಮಾರು ದೂರ ಇಟ್ಟುಕೊಂಡೇ ಬರಬೇಕಿತ್ತು. ಮೈಮೇಲೆ ಸದಾ ಒಂದು ಕಂದು ಕೋಟು. ಮೊಣಕೈಗೆ ತೇಪೆ, ಜೇಬಿನ ಮೂಲೆಯಲ್ಲಿ ಮೇಣದ ಚೂರು. ಬೇಸಗೆಯ ಭಾನುವಾರಗಳಂದು ಬೆವರು ಕಿತ್ತು ಬರುತ್ತಿದ್ದರೂ ಆಟಕ್ಕೆ ಕೂರುವಾಗ ಆ ಕೋಟು ಬೇಕೇ ಬೇಕು.

ಆ ಆಟದ ಹೆಸರು ‘ಉಪ್ಪಿನ ದಾರಿ’. ಹಡಗಿನ ಎಂಜಿನಿಯರೊಬ್ಬರು ಮಾವನಿಂದ ಹಲ್ಲು ಮಾಡಿಸಿಕೊಂಡು, ಊರು ಬಿಡುವಾಗ ಸಾಮಾನಿನಲ್ಲಿ ಜಾಗವಿಲ್ಲವೆಂದು ಪ್ರೀತಿಯಿಂದ ಕೊಟ್ಟುಹೋದ ಪೆಟ್ಟಿಗೆ ಅದು. ರುಬ್ಬುಗುಂಡಿನಷ್ಟು ಭಾರ. ಬಿಚ್ಚಿದರೆ ಹಲಗೆಯು ಊಟದ ಮೇಜನ್ನೆಲ್ಲ ಆಕ್ರಮಿಸಿ ಸಾಲದೆಂಬಂತೆ ಬಂದರಿನ ಭಾಗ ಹೊರಗೆ ಚಾಚುತ್ತಿತ್ತು. ಅದಕ್ಕೆ ಅತ್ತೆಯ ಇಸ್ತ್ರಿ ಮೇಜನ್ನು ಆಸರೆಯಾಗಿ ಕೊಡಬೇಕಿತ್ತು. ಗಣಿಯಿಂದ ಉಪ್ಪನ್ನು ಗಾಡಿಗೆ ತುಂಬಿ, ಬೆಟ್ಟ ಹತ್ತಿಸಿ, ಹೊಳೆಗೆ ಸೇತುವೆ ಕಟ್ಟಿ, ಉಗ್ರಾಣ ಹಾಕಿ, ನಡುವೆ ಬರುವ ಚಳಿಗಾಲಗಳನ್ನು ದಾಟಿ ಬಂದರಿಗೆ ಮುಟ್ಟಿಸುವುದೇ ಆಟದ ಸಾರಾಂಶ. ಹೇಳುವುದಕ್ಕೆ ಇಷ್ಟೇ ಆದರೂ ಆಡುವುದಕ್ಕೆ ಒಂದಿಡೀ ದಿನ ಬೇಕಾಗುತ್ತಿತ್ತು. ನಿಯಮದ ಪುಸ್ತಕ ನಮಗಾರಿಗೂ ಬಾರದ ದೂರದೇಶದ ಭಾಷೆಯಲ್ಲಿತ್ತು. ಮಾವ ಒಂದು ನಿಘಂಟನ್ನು ಎರವಲು ತಂದು, ಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡಿ, ಪುಟಪುಟವನ್ನೂ ಜರಡಿ ಹಿಡಿದು ಅರ್ಥಮಾಡಿಕೊಂಡು ನಮಗೆ ಕಲಿಸಿದರು. ಆ ವಿಷಯದಲ್ಲಿ ಅವರ ಮಾತೇ ಅಂತಿಮ.

ಆಡುತ್ತಿದ್ದವರು ನಾಲ್ವರು. ಮಾವ, ದೂರವಾಣಿ ಕಚೇರಿಯಲ್ಲಿದ್ದು ನಿವೃತ್ತರಾಗಿದ್ದ ಅತ್ತೆ, ಮಾವನ ಬಾಲ್ಯದ ಗೆಳೆಯರಾದ ಛಾಯಾಗ್ರಾಹಕರು, ಅವರನ್ನು ಎಲ್ಲರೂ ಕರೆಯುತ್ತಿದ್ದುದು ಸ್ಟುಡಿಯೋ ಎಂದೇ, ಮತ್ತು ಕೆಲಸಕ್ಕೆ ಸೇರಿದ ಮೇಲೆ ಅದೇ ಊರಿಗೆ ಬಂದು ನಾಲ್ಕನೆಯ ಕುರ್ಚಿಗೆ ಸಿಕ್ಕಿಬಿದ್ದ ನಾನು. ಅತ್ತೆ ಸ್ವೆಟರು ಹೆಣೆಯುತ್ತ, ಎರಡು ಕುಣಿಕೆಗಳ ನಡುವೆ ತಮ್ಮ ಗಾಡಿ ಸರಿಸಿ ಮುಗಿಸುತ್ತಿದ್ದರು. ಸ್ಟುಡಿಯೋ ಮಾತ್ರ ಬೇಕಿರಲಿ ಬೇಡದಿರಲಿ ಸೇತುವೆ ಕಟ್ಟುತ್ತಿದ್ದರು. ಏಕೆಂದು ಕೇಳಿದರೆ, ‘ಚೆನ್ನಾಗಿ ಕಾಣ್ಸುತ್ತಲ್ಲ, ಅದಕ್ಕೆ’ ಎನ್ನುವರು. ಅದರ ಫಲವಾಗಿ ಸದಾ ಕಟ್ಟಕಡೆಯ ಸ್ಥಾನ ಅವರಿಗೆ ಮೀಸಲಾಗಿತ್ತು. ಮಾವ ಮನೆ ಬದಲಾಯಿಸುವಾಗ ಸ್ಟುಡಿಯೋ ಪಾಲಿನ ಬಣ್ಣದ ಒಂದಷ್ಟು ಗಾಡಿಗಳು ಕಳೆದುಹೋದಾಗ ಒಸಡಿನ ಎರಕದಲ್ಲೇ ಹೊಸ ಗಾಡಿ ಮಾಡಿಕೊಟ್ಟರು. ನಸುಗೆಂಪಿನ ಆ ಒಸಡು ಗಾಡಿಗಳು ಹಲಗೆಯ ಮೇಲೆ ಹೊರಟರೆ ಯಾರದೋ ಬಾಯಿಯೇ ಸಂತೆಗೆ ಹೊರಟಂತೆ ಕಾಣುತ್ತಿತ್ತು. ಅವು ಮತ್ತೆ ಕಳೆಯಬಾರದೆಂದು ವಾರವಿಡೀ ಮಾವನ ಕೋಟಿನ ಎಡಜೇಬಿನಲ್ಲೇ ಇರುತ್ತಿದ್ದವು.

ಆಟಗಳ ಬಗ್ಗೆ ಮಾವನಿಗೆ ಇದ್ದಷ್ಟು ಅಭಿಪ್ರಾಯಗಳು ರಾಜಕೀಯದ ಬಗ್ಗೆ ಪತ್ರಿಕೆಯವರಿಗೂ ಇರಲಾರವು. ದಾಳ ಹಾಕುವ ಆಟವೆಂದರೆ ಅವರಿಗೆ ಮೈಯೆಲ್ಲ ಉರಿ. ‘ತಪ್ಪು ಮಾಡೋದು ನಾವು, ಬೈಸ್ಕೊಳ್ಳೋದು ದಾಳ. ಅದೆಂಥ ಆಟ?’ ಇಸ್ಪೀಟನ್ನು ಅವರು ರೈಲಿನಲ್ಲಿ ಮಾತ್ರ ಒಪ್ಪುತ್ತಿದ್ದರು. ಚದುರಂಗದ ಮೇಲೆ ಗೌರವವಿತ್ತು, ಪ್ರೀತಿ ಇರಲಿಲ್ಲ: ‘ಅಲ್ಲಿ ಎದುರಾಳಿ ಇದಾನೆ, ಪಕ್ಕದ ಮನೆಯವರಿಲ್ಲ. ಇಲ್ಲಿ ನೋಡು, ನಾನು ಗಾಡಿ ಹೊಡೀಬೇಕಾದ್ರೆ ನಿನ್ನ ಸೇತುವೆ ಮೇಲೇ ಹೋಗ್ಬೇಕು. ನಿನ್ ಹತ್ರ ಮುಖ ಕೆಡಿಸ್ಕೊಂಡು ನಾನೆಲ್ಲಿಗೆ ಹೋಗ್ಲಿ?’ ಇಷ್ಟು ತಲೆಭಾರದ ಆಟ ಯಾಕೆ ಮಾವ, ಸಲೀಸಾದದ್ದೊಂದು ಆಡಬಾರದೇ ಎಂದು ನಾನೊಮ್ಮೆ ಬೇಸತ್ತು ಕೇಳಿದ್ದೆ. ಅವರು ಗಲ್ಲ, ಕನ್ನಡಕ ಎಲ್ಲವನ್ನೂ ಮುಟ್ಟಿ ಮುಗಿಸಿ, ‘ಭಾರ ಅಂದ್ರೆ ನಿಯಮ ಜಾಸ್ತಿ ಅಂತಲ್ಲ ಪುಟ್ಟಿ. ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನ ಬಂದು ಬಾಗಿಲು ತಟ್ಟಬೇಕು. ಅದು ಭಾರ’ ಎಂದರು. ಆಗ ನನಗದು ಬರೀ ಮಾತಾಗಿ ಕೇಳಿತ್ತು.

ಮೇಜಿನ ಬಳಿ ನೀರಿನ ಲೋಟ ಸುಳಿಯುವಂತಿಲ್ಲ, ಕೈ ತೊಳೆಯದೆ ಮುಟ್ಟುವಂತಿಲ್ಲ, ‘ಬೇಗ’ ಎಂಬ ಶಬ್ದವನ್ನು ಆಡುವಂತಿಲ್ಲ. ಅತ್ತೆಯ ಉಲ್ಲನ್ ಉಂಡೆ ಉರುಳಿ ನಾಲ್ಕು ಕಾಯಿ ಕದಲಿದರೆ ಅವು ಎಲ್ಲಿದ್ದವೆಂದು ಪಂಚಾಯಿತಿ ನಡೆದು, ಒಮ್ಮತ ಮೂಡಿದ ಮೇಲೆಯೇ ಆಟ ಮುಂದುವರಿಯಬೇಕು. ನಿಯಮವೆಂದರೆ ಮಾವನಿಗೆ ಪ್ರಾಣ. ಒಂದು ಸೋಮವಾರ ಸ್ಟುಡಿಯೋ ಯಾರನ್ನೋ ಬಿಳಿ ಪರದೆಯ ಮುಂದೆ ಕೂರಿಸಿ, ‘ಗದ್ದ ಸ್ವಲ್ಪ ಮೇಲೆ’ ಎನ್ನುತ್ತಿದ್ದಾಗ ಮಾವ ಒಳನುಗ್ಗಿ, ‘ನಿನ್ನೆ ನಾನೊಂದು ಮೂಟೆ ಹೆಚ್ಚಿಗೆ ಎಣಿಸ್ಕೊಂಡಿದ್ದೆ ಕಣೋ. ಗೆದ್ದಿದ್ದು ನಾನಲ್ಲ, ನಿಮ್ಮತ್ತಿಗೆ’ ಎಂದು ಘೋಷಿಸಿ ಬಂದಿದ್ದರು. ಗದ್ದ ಎತ್ತಿದ್ದ ಗಿರಾಕಿ ಎತ್ತಿದಂತೆಯೇ ಇದ್ದನಂತೆ.

ಇಡೀ ಆಟದಲ್ಲಿ ನಮಗೆ ಅತ್ಯಂತ ಪ್ರಿಯವಾದದ್ದು ಚಳಿಗಾಲ. ಹಿಮ ಬಿದ್ದು ದಾರಿಗಳು ಮುಚ್ಚಿದಾಗ, ಎಲ್ಲರಿಗಿಂತ ಮುಂದಿರುವವರು ತಮ್ಮ ಉಗ್ರಾಣದಿಂದ ಕಟ್ಟಕಡೆಯವರ ಗಾಡಿಗೆ ಉಪ್ಪು ತುಂಬಿಸಿಕೊಡಬೇಕು. ಹೆಚ್ಚುಕಡಿಮೆ ಪ್ರತಿ ಭಾನುವಾರ ಮಾವ ಮುಂದೆ, ಸ್ಟುಡಿಯೋ ಹಿಂದೆ. ಮಾವ ಗೊಣಗುತ್ತ, ಸೊಟ್ಟಗಿನ ಮೂಟೆಗಳನ್ನೇ ಆರಿಸಿ ಒಸಡು ಗಾಡಿಗೆ ಹಾಕುವರು. ಸ್ಟುಡಿಯೋ ಆ ಉಪ್ಪನ್ನೇ ಮಾರಿ ಮಾವನ ಕಣಿವೆಗೆ ಅಡ್ಡವಾಗಿ ಇನ್ನೊಂದು ಸೇತುವೆ ಎಬ್ಬಿಸುವರು. ‘ನನ್ನ ಉಪ್ಪು ತಿಂದು ನನ್ನ ದಾರಿಗೇ ಅಡ್ಡ ಬಂದ್ಯಲ್ಲೋ!’ ಎಂದು ಮಾವ ಕೂಗಾಡಿದರೆ ಅತ್ತೆಗೆ ನಗು ತಡೆಯಲಾಗದೆ ಕುಣಿಕೆ ತಪ್ಪುತ್ತಿತ್ತು. ಆಟ ಮುಗಿದ ಮೇಲೂ ಯಾರೂ ಏಳುತ್ತಿರಲಿಲ್ಲ. ಬೆಳಗಿನ ಯಾವ ನಡೆ ಸಂಜೆಗೆ ಯಾರ ಕುತ್ತಿಗೆಗೆ ಬಂತೆಂಬ ವಿಚಾರಣೆ ಚಹಾದೊಂದಿಗೆ ನಡೆಯುತ್ತಿತ್ತು. ಅಂಥ ಸಂಜೆಗಳು ಮುಗಿಯುವಂಥವು ಎಂದು ನನಗೆ ಹೊಳೆದೇ ಇರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಸ್ಟುಡಿಯೋ ತಮ್ಮ ಹೊಸ ಅಳಿಯನನ್ನು ಕರೆತಂದರು. ಆತ ಆ ಪುಸ್ತಕದ ಭಾಷೆಯ ದೇಶದಲ್ಲೇ ಕೆಲವು ವರ್ಷ ವಿಮಾ ಕಂಪನಿಯಲ್ಲಿದ್ದು ಬಂದವನು. ಆಟವನ್ನೂ ಬಲ್ಲವನು, ವಿನಯವಂತ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ನೋಡುತ್ತಿದ್ದ. ಚಳಿಗಾಲ ಬಂದು, ಮಾವ ಗೊಣಗುತ್ತ ಮೂಟೆ ಎತ್ತಿ ಕೊಡತೊಡಗಿದಾಗ ಆತ, ‘ಸರ್, ಇದು ನೀವೇ ಮಾಡ್ಕೊಂಡಿರೋ ನಿಯಮಾನಾ?’ ಎಂದು ಕೇಳಿದ. ಪುಸ್ತಕದಲ್ಲೇ ಇದೆಯಲ್ಲ ಎಂದು ಮಾವ ಆ ಪುಟ ತೆಗೆದು ತೋರಿಸಿದರು. ಅಲ್ಲೊಂದು ಚಿತ್ರ: ತುಂಬಿದ ಗಾಡಿ, ಬರಿದಾದ ಗಾಡಿ, ಎರಡರ ನಡುವೆ ಒಂದು ಮೂಟೆ ಹಿಡಿದ ಕೈ. ಅಳಿಯ ಕೆಳಗಿನ ಸಾಲುಗಳನ್ನು ಓದಿ, ಸ್ವಲ್ಪ ತಡವರಿಸಿ ಹೇಳಿದ: ‘ಇದು ಉಲ್ಟಾ ಸರ್. ಚಳಿಗಾಲದಲ್ಲಿ ಮುಂದಿರೋರು ಹಿಂದಿರೋರ ಕೊನೇ ಮೂಟೆನ ತಗೋಬಹುದು. ಬರಿಗೈ ಆದೋರು ಆಟದಿಂದ ಹೊರಗೆ. ಈ ಕೈ ಕೊಡ್ತಾ ಇಲ್ಲ, ತಗೋತಾ ಇದೆ.’

ಮಾವನ ಮುಖ ಸಪ್ಪಗಾಯಿತು. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಕೈ ತೊಳೆದುಕೊಂಡು ಹಿಂಬದಿಯ ಕೋಣೆಗೆ ಹೋದವರು ತಿರುಗಿ ಬರಲಿಲ್ಲ. ಪೆಟ್ಟಿಗೆ ಬೀರುವಿನ ತಲೆಯೇರಿತು.

ಭಾನುವಾರಗಳು ಖಾಲಿ ಹೋದವು. ಅತ್ತೆ ಫೋನು ಮಾಡಿ ದನಿ ತಗ್ಗಿಸಿ ಹೇಳಿದರು: ‘ಆಟ ಹಾಳಾಗ್ಹೋಗ್ಲಿ ಕಣೇ. ಕೆಲಸದಲ್ಲೇ ಧೈರ್ಯ ಹೋಗಿದೆ. ಮಾಡಿಟ್ಟ ಸೆಟ್ಟನ್ನೇ ಮತ್ತೆ ಒಡೆದು ಮಾಡ್ತಾರೆ. ಇಷ್ಟು ವರ್ಷ ಕಣ್ಣೆದುರಿಗಿದ್ದ ಚಿತ್ರಾನೇ ತಪ್ಪು ನೋಡಿದೀನಿ, ಇನ್ನು ಜನರ ಬಾಯಲ್ಲಿ ಏನೇನು ತಪ್ಪು ಕೂರಿಸಿದೀನೋ ಅಂತಾರೆ. ಹೊಸ ಕೆಲಸ ಒಪ್ಕೊಳ್ತಾನೇ ಇಲ್ಲ.’ ಊರೆಲ್ಲ ಅವರ ಹಲ್ಲಿನಲ್ಲಿ ನಗುತ್ತಿರುವಾಗ ಅವರೊಬ್ಬರು ತಮ್ಮ ಕಣ್ಣನ್ನೇ ನಂಬದಂತಾಗಿದ್ದರು.

ಒಂದು ದಿನ ಅವರೇ ಹೇಳಿಕಳಿಸಿದರು: ಭಾನುವಾರ ಬನ್ನಿ, ಪುಸ್ತಕದಲ್ಲಿ ಇರುವಂತೆಯೇ ಆಡೋಣ. ತಪ್ಪನ್ನು ತಿದ್ದಿಕೊಳ್ಳದೆ ಅವರಿಗೆ ಸಮಾಧಾನವಿಲ್ಲವೆಂದು ನಮಗೆ ಅರ್ಥವಾಗಿ, ಎಲ್ಲರೂ ಹೋದೆವು. ಮೊದಲ ಚಳಿಗಾಲದಲ್ಲೇ ಮಾವ ಗೆಳೆಯನ ಕೊನೆಯ ಮೂಟೆ ತೆಗೆದುಕೊಂಡರು. ಸ್ಟುಡಿಯೋ ಹೊರಗಾಗಿ ಗೋಡೆಯ ಕ್ಯಾಲೆಂಡರಿನ ಚಿತ್ರ ನೋಡುತ್ತ ಕೂತರು. ಒಸಡು ಗಾಡಿಗಳು ಮಾವನ ಜೇಬು ಸೇರಿದವು. ಮುಂದಿನ ಚಳಿಗಾಲಕ್ಕೆ ಅತ್ತೆ ಹೊರಗೆ. ಅವರು ಹೆಣಿಗೆ ಬಿಟ್ಟು ಅಡುಗೆಮನೆಗೆ ಎದ್ದರು. ನಾನೂ ಹೆಚ್ಚು ಹೊತ್ತು ಬಾಳಲಿಲ್ಲ. ಸಂಜೆಯವರೆಗೆ ಎಳೆಯುತ್ತಿದ್ದ ಆಟ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿದುಹೋಯಿತು. ಮಾವ ಅಷ್ಟು ದೊಡ್ಡದಾಗಿ ಹಿಂದೆಂದೂ ಗೆದ್ದಿರಲಿಲ್ಲ. ಹಲಗೆಯ ಮೇಲೆ ಅವರ ಕಪ್ಪು ಗಾಡಿಗಳನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

ವಿಚಾರಣೆಗೆ ವಿಷಯವೇ ಉಳಿದಿರಲಿಲ್ಲ. ಸ್ಟುಡಿಯೋ ಎದ್ದು ಬಾಗಿಲ ಬಳಿ ಚಪ್ಪಲಿ ಹುಡುಕುತ್ತ, ‘ಬರ್ಲೇನಯ್ಯ? ಅಂಗಡೀಲಿ ಸ್ವಲ್ಪ ಕೆಲಸ ಇದೆ’ ಎಂದರು. ಭಾನುವಾರ ಅವರ ಅಂಗಡಿ ತೆರೆದದ್ದೇ ಇಲ್ಲ. ಮಾವ ಹಲಗೆಯನ್ನೇ ನೋಡುತ್ತಿದ್ದರು. ಕೈ ಗಲ್ಲಕ್ಕೆ ಹೋಯಿತು, ಕನ್ನಡಕಕ್ಕೆ ಏರಿತು, ಅಲ್ಲಿಂದ ಕೋಟಿನ ಎಡಜೇಬಿಗೆ ಇಳಿಯಿತು.

‘ತಡಿ,’ ಎಂದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ, ತಡೆಯಬೇಕಾದವರೊಬ್ಬರು ಅಲ್ಲಿ ನಿಜಕ್ಕೂ ಇದ್ದರು. ಜೇಬಿನಿಂದ ಒಸಡು ಗಾಡಿಗಳನ್ನು ತೆಗೆದು ಒಂದೊಂದಾಗಿ ಅವುಗಳ ಜಾಗದಲ್ಲಿಟ್ಟು, ಮಾವ ಹೇಳಿದರು: ‘ಕೂತ್ಕೋ ಬಾ. ಪುಸ್ತಕದ್ದೇ ಸರಿ. ನಾವಾಡ್ತಿದ್ದದ್ದು ತಪ್ಪು. ಆ ತಪ್ಪನ್ನೇ ಆಡೋಣ.’

‘ಹಾಗಾದ್ರೆ ಉಪ್ಪು ಕೊಡ್ತೀಯಾ?’

‘ಕೊಡ್ತೀನಿ. ದಾರಿಗೆ ಮಾತ್ರ ಅಡ್ಡ ಬರ್ಬೇಡ.’

ಸ್ಟುಡಿಯೋ ಚಪ್ಪಲಿ ಬಿಟ್ಟು ಬಂದು ಕೂತರು. ಸಂಜೆಯೊಳಗೆ ಅಡ್ಡ ಬಂದೂಬಿಟ್ಟರು. ಮಾವ ಕೂಗಾಡಿದ್ದು ಬೀದಿಗೆಲ್ಲ ಕೇಳಿತು. ಮರುದಿನ ಹಿಂಬದಿಯ ಕೋಣೆಯಿಂದ ಮೇಣದ ವಾಸನೆ ಬಂತೆಂದು ಅತ್ತೆ ಫೋನಿನಲ್ಲಿ ಹೇಳಿದರು.

ಈಗ ಮಾವನಿಲ್ಲ, ಸ್ಟುಡಿಯೋ ಕೂಡ ಇಲ್ಲ. ಪೆಟ್ಟಿಗೆ ನನ್ನ ಮನೆಯಲ್ಲಿದೆ. ಅತ್ತೆ ಬಂದಾಗ ಇಸ್ತ್ರಿ ಮೇಜು ಹಾಕಿ, ಹೊಸಬರಿಬ್ಬರನ್ನು ಸೇರಿಸಿಕೊಂಡು ಆಡುತ್ತೇವೆ. ಪುಸ್ತಕದ ನಿಯಮ ಹೀಗಿದೆ, ನಾವಾಡುವುದು ಹೀಗೆ ಎಂದು ಅವರಿಗೆ ಮೊದಲೇ ಹೇಳಿಬಿಡುತ್ತೇನೆ. ಸುಳ್ಳು ಹೇಳಿದರೆ ಮಾವ ಮೆಚ್ಚುವುದಿಲ್ಲ. ಮೊನ್ನೆ ಚಳಿಗಾಲದ ಪುಟ ತೆರೆದಾಗ ಅತ್ತೆ ಆ ಚಿತ್ರದ ಮೇಲೆ ಬೆರಳಿಟ್ಟು ಹೇಳಿದರು: ‘ಪೆಟ್ಟಿಗೆ ಬಂದಾಗ ಒಂದೊಂದು ಪುಟಕ್ಕೂ ವಾರಗಟ್ಟಲೆ ಒದ್ದಾಡಿದ್ರು ಕಣೇ. ಈ ಪುಟಕ್ಕೆ ಮಾತ್ರ ನಿಘಂಟು ಮುಟ್ಟಲಿಲ್ಲ. ನೋಡಿದ್ರು, ಇದು ಗೊತ್ತಾಯ್ತು ಅಂತ ತಿರುವಿಹಾಕಿದ್ರು.’

ಮೀನಮೇಷ ಎಣಿಸುವವರೆಂದು ನಾವು ಗೇಲಿ ಮಾಡುವ ಇಂಥ ಜನ ಎಲ್ಲ ಬೀದಿಗಳಲ್ಲೂ ಒಬ್ಬಿಬ್ಬರಿರುತ್ತಾರೆ. ಒಂದು ಗಾಡಿ ಸರಿಸಲು ಅವರಿಗೆ ಅರ್ಧ ಮಧ್ಯಾಹ್ನ ಬೇಕು, ಒಂದು ಮೂಟೆ ಹೆಚ್ಚಾದರೆ ಅವರಿಗೆ ನಿದ್ದೆ ಬಾರದು. ಇವರು ಯೋಚನೆಯಲ್ಲೇ ಬದುಕುತ್ತಾರೆಂದು ನಾವು ಅಂದುಕೊಳ್ಳುತ್ತೇವೆ. ಅವರೂ ಹಾಗೆಯೇ ಅಂದುಕೊಂಡಿರುತ್ತಾರೆ. ಆದರೆ ತಮಗೇ ತಿಳಿಯದಂತೆ ಅವರು ಯೋಚಿಸದೆ ಬಿಟ್ಟ ಒಂದೋ ಎರಡೋ ಸಂಗತಿಗಳು ಇರುತ್ತವೆ, ಅವರ ಮನಸ್ಸು ಪೂರ್ತಿಯಾಗಿ ಕಾಣುವುದು ಅಲ್ಲಿಯೇ. ಎಲ್ಲಕ್ಕೂ ತಡೀರಿ ಎಂದ ನನ್ನ ಮಾವ, ತುಂಬಿದ ಗಾಡಿಗೂ ಬರಿದಾದ ಗಾಡಿಗೂ ನಡುವೆ ಒಂದು ಕೈಯನ್ನು ಕಂಡು, ಅದು ಕೊಡುವ ಕೈಯೇ ಎಂದುಕೊಳ್ಳಲು ಒಂದು ಗಳಿಗೆಯೂ ತಡೆದಿರಲಿಲ್ಲ.