ಮನೆಯಲ್ಲೇ ಇದ್ದಳು

ಇದು ನಿಜವಾಗಿ ನಡೆದದ್ದು. ಅಲ್ಲಲ್ಲಿ ಒಂದೆರಡು ಒತ್ತಕ್ಷರ ಜಾಸ್ತಿ ಬಿದ್ದಿದ್ದರೆ ಅದು ಗಿಣಿಯ ಸಿಟ್ಟಿನ ಒತ್ತು, ಕತೆ ಹೇಳುವವರದಲ್ಲ.

ಗಿಣಿ ಅಂದರೆ ಹಕ್ಕಿಯಲ್ಲ, ಹುಡುಗಿ. ಯಾರ ದನಿಯಾದರೂ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಕೆಮ್ಮಿನ ಸಮೇತ ವಾಪಸು ಕೊಡುತ್ತಿದ್ದಳು. ಅದಕ್ಕೇ ಆ ಹೆಸರು. ಅಚ್ಚುಕೂಟದಲ್ಲಿ ಕಂಪ್ಯೂಟರಿನ ಮುಂದೆ ಕೂತು ಪುಟ ಜೋಡಿಸುವುದು ಅವಳ ಕೆಲಸ. ಅವಳ ದೊಡ್ಡಪ್ಪ ನಿವೃತ್ತ ಹೆಡ್‌ಮಾಸ್ತರರು, ಒಂದು ಕಾಲಕ್ಕೆ ಶಾಲೆ ಶಾಲೆಗಳಲ್ಲಿ ಓದಿಸುತ್ತಿದ್ದ ವ್ಯಾಕರಣ ಪುಸ್ತಕ ಬರೆದವರು. ಈಗ ಮನೆತನದ ಚರಿತ್ರೆ ಬರೆದು ಮುಗಿಸಿ, ಕೈಬರಹದ ಕಟ್ಟನ್ನು ಅವಳ ಮೇಜಿನ ಮೇಲೆ ಧಪ್ಪೆಂದು ಇಟ್ಟರು.

"ಸೋಮವಾರ ಅಚ್ಚಿಗೆ ಹೋಗ್ಬೇಕು. ಭಾನುವಾರ ಎಲ್ಲರ ಮುಂದೆ ಒಂದ್ಸಲ ಓದಿಬಿಡೋಣ."

ಅವರು ಅತ್ತ ಹೋದದ್ದೇ ಗಿಣಿ ಆ ಹಾಳೆಗಳಲ್ಲಿ ಅತ್ತೆಯನ್ನು ಹುಡುಕಿದಳು. ದೊಡ್ಡಪ್ಪನ ಒಬ್ಬಳೇ ತಂಗಿ; ತೀರಿಕೊಂಡು ಎರಡು ವರ್ಷ. ಇದೇ ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ನಿಂತುಕೊಂಡು ಸೀಸದ ಅಚ್ಚುಮೊಳೆ ಜೋಡಿಸಿದವಳು. ಮುತ್ತಜ್ಜನ ಮೀಸೆಗೆ ಒಂದು ಪುಟ ಸಿಕ್ಕಿತು. ದೊಡ್ಡಪ್ಪನ ಮಂಡಿನೋವಿಗೆ ಒಂದೂವರೆ ಪುಟ ಸಿಕ್ಕಿತು. ಅತ್ತೆ ಸಿಕ್ಕಿದ್ದು ಕೊನೆಗೆ, ಒಂದು ಸಾಲಿನಲ್ಲಿ:

'ತಂಗಿ. ಮನೆಯಲ್ಲೇ ಇದ್ದಳು.'

ಗಿಣಿಯ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಂತೆ! ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಊದಿದ ಪಾದ ಎಳೆದುಕೊಂಡು ಬರುತ್ತಿದ್ದವಳು ಯಾರು ಹಾಗಾದರೆ? ಎಷ್ಟು ಸೋಪು ಹಾಕಿ ಉಜ್ಜಿದರೂ ಕಪ್ಪು ಬಿಡದ ಉಗುರುಗಳು ಯಾರವು? ಅಚ್ಚುಮೊಳೆಯ ಪೆಟ್ಟಿಗೆಯ ಒಂದೊಂದು ಖಾನೆಗೂ ಅತ್ತೆ 'ಮನೆ' ಅನ್ನುತ್ತಿದ್ದಳು. "ಇದು ಕ ಮನೆ, ಅದು ಗ ಮನೆ. ಅಯ್ಯೋ ಪಾಪ, ಗಂಡನ ಮನೆ ಇಲ್ಲ ಅಂತ ಯಾರಾದ್ರೂ ಅಂದ್ರೆ, ನಮ್ಮತ್ತೆಗೆ ಇನ್ನೂರು ಮನೆ ಇದೆ ಅಂತ ಹೇಳು!"

ಆ ವ್ಯಾಕರಣ ಪುಸ್ತಕವನ್ನೂ ದೊಡ್ಡಪ್ಪ ಬರೆದ ಮಿಕ್ಕೆಲ್ಲವನ್ನೂ ಜೋಡಿಸಿದವಳು ಅವಳೇ. ದೊಡ್ಡಪ್ಪ ಅವಸರದಲ್ಲಿ ಬರೆಯುವ 'ವ' ಬಾಯಿ ತೆರೆದುಕೊಂಡೇ ಇರುತ್ತಿತ್ತು, ನೋಡಿದವರಿಗೆ ಸಾಕ್ಷಾತ್ 'ಪ'. ಅಂಥ ಸಾವಿರಾರು 'ವ'ಗಳ ಬಾಯಿಯನ್ನು ಅತ್ತೆ ಮುಚ್ಚಿಸಿದ್ದಳು. ವ್ಯಾಕರಣದ ಮುನ್ನುಡಿಯಲ್ಲಿ ದೊಡ್ಡಪ್ಪ ಬರೆದದ್ದೇನು? 'ಅಚ್ಚಿನ ದೋಷ ಒಂದೂ ಇಲ್ಲವೆಂಬುದು ನನ್ನ ಹೆಮ್ಮೆ.' ನನ್ನ ಹೆಮ್ಮೆಯಂತೆ! ಅದನ್ನೂ ಅತ್ತೆಯೇ ಜೋಡಿಸಿ, ಆಮೇಲೆ ಗಿಣಿಗೆ ಹೇಳಿದ್ದಳು: "ತಪ್ಪು ಉಳಿದ್ರೆ ಮಾತ್ರ ಜನಕ್ಕೆ ನಮ್ಮ ನೆನಪಾಗೋದು ಕಣೇ."

ಗಿಣಿ ಹಲ್ಲು ಕಚ್ಚಿ ಕೀಬೋರ್ಡಿನ ಮೇಲೆ ಕೈಯಿಟ್ಟಳು. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಹೊಡೆದಳು. ಒಂದಕ್ಷರ ತಿದ್ದಲಿಲ್ಲ.

ಭಾನುವಾರ ಮಧ್ಯಾಹ್ನ ದೊಡ್ಡಪ್ಪನ ನಡುಮನೆ ತುಂಬಿತ್ತು. ದೊಡ್ಡಪ್ಪ ಕುರ್ಚಿಗೆ ಒರಗಿ, "ನನ್ನ ಕನ್ನಡಕ ಸರಿಯಿಲ್ಲ, ನೀನೇ ಓದಮ್ಮ" ಅಂದರು. ಗಿಣಿ ಎದ್ದು ನಿಂತು, ಅವರದೇ ಹಾಗೆ ಗಂಟಲು ಕೆರೆದು, ಅವರದೇ ದನಿಯಲ್ಲಿ ಶುರು ಮಾಡಿದಳು:

"'ನಮ್ಮ ಮನೆತನದ ಸರ್ಪ ಸಂತತಿಗೆ ಅರ್ಪಣೆ.'"

"ಸರ್ಪನಾ?" ಚಿಕ್ಕಮ್ಮ ಪಕ್ಕದಲ್ಲಿದ್ದ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಸರಿಯಾಗೇ ಇದೆ ಬಿಡಿ."

"ಸರ್ವ! ಸರ್ವ ಸಂತತಿ!" ದೊಡ್ಡಪ್ಪ ನೆಟ್ಟಗೆ ಕೂತರು. "ಮುಂದೆ ಓದು."

"'ಇಪ್ಪತ್ತರ ಹರೆಯಕ್ಕೇ ಮಹಾಕಪಿಯೆಂದು ಹೆಸರಾದೆ. ಸಭೆಯಲ್ಲಿ ನನ್ನ ಪಾದಕ್ಕೆ ಎಲ್ಲರೂ ತಲೆಬಾಗಿದರು.'"

ನಡುಮನೆ ಕುಲುಕಾಡಿತು. ಚಿಕ್ಕಪ್ಪ ನಗು ತಡೆಯಲಾರದೆ ಕಾಫಿಯನ್ನು ಅಂಗಿಯ ಮೇಲೆ ಚೆಲ್ಲಿಕೊಂಡ. ದೊಡ್ಡಪ್ಪನ ಮುಖ ಕೆಂಡವಾಯಿತು.

"ಕವಿ! ವಾದ! ಯಾವ ಕತ್ತೆ ಜೋಡಿಸಿದ್ದು ಇದನ್ನ?"

"ನಾನೇ. ಅತ್ತೆ ಇಲ್ದಿದ್ರೆ ಕತ್ತೆನೇ ಗತಿ, ದೊಡ್ಡಪ್ಪ." ಗಿಣಿ ಕೈಬರಹದ ಹಾಳೆಯನ್ನು ಅವರ ಮೂಗಿನ ಮುಂದೆ ಹಿಡಿದಳು. "ನೀವು ಬರೆದದ್ದೇ ಇದು. ನೋಡ್ಕೊಳ್ಳಿ."

ಸರಿಯಿಲ್ಲದ ಕನ್ನಡಕದಲ್ಲೂ ಕಾಣುವಷ್ಟು ದೊಡ್ಡದಾಗಿ 'ವ' ಬಾಯಿ ತೆರೆದುಕೊಂಡಿತ್ತು.

"ಇಷ್ಟೂ ಪುಟದಲ್ಲಿ ಅಕ್ಷರ ತಪ್ಪಿಲ್ಲದ ಸಾಲು ಒಂದೇ ಒಂದು," ಗಿಣಿಯ ದನಿ ಈಗ ಅವಳದೇ. "'ತಂಗಿ. ಮನೆಯಲ್ಲೇ ಇದ್ದಳು.' ಅಕ್ಷರ ಸರಿ, ಸಾಲೇ ತಪ್ಪು! ಯಾವ ಮನೆ ದೊಡ್ಡಪ್ಪ? ಮೂವತ್ತೊಂದು ವರ್ಷ ನಿಮ್ಮ ಪ ತೆಗೆದು ವ ಹಾಕಿದವಳು ಯಾವ ಮನೆಯಲ್ಲಿದ್ಲು? ನಿಮ್ಮ ಮಂಡಿಗೆ ಒಂದೂವರೆ ಪುಟ. ಅವಳು ನಿಂತೂ ನಿಂತೂ ಸವೆಸಿದ ಮಂಡಿಗೆ?"

ದೊಡ್ಡಪ್ಪನ ಬಾಯಿ ಏನೋ ಹೇಳಲು ತೆರೆದು, ಹಾಗೇ ನಿಂತಿತು. ಆಗ ಗಿಣಿಯ ಗಂಟಲಿನಿಂದ ಬೇರೆಯದೇ ದನಿ ಹೊರಟಿತು. ತುಸು ಒಡಕು, ಯಂತ್ರಗಳ ಗದ್ದಲದ ನಡುವೆ ಕೂಗಿ ಕೂಗಿ ರೂಢಿಯಾದ ದನಿ:

"ಅಣ್ಣಾ, ಬಾಯಿ ಮುಚ್ಚು. ನಿಂದಲ್ಲ, 'ವ'ದು!"

ಚಿಕ್ಕಮ್ಮ ಎದೆ ಹಿಡಿದುಕೊಂಡಳು. ದೊಡ್ಡಪ್ಪ ಮಿಕಮಿಕ ನೋಡಿದರು. ಅವರ ಹೊಟ್ಟೆ ನಗುವಿಗೆ ಮೆಲ್ಲಗೆ ಅಲುಗತೊಡಗಿತು.

"ಬೆದರಿಸ್ತಿದ್ಳು," ಅಂದರು. "ಒಂದಿನ ನೀನು ಬರೆದ ಹಾಗೇ ಜೋಡಿಸಿಬಿಡ್ತೀನಿ ನೋಡ್ತಿರು ಅಂತ. ಪ್ರತಿ ಸಲ... ಕೊಡು ಇಲ್ಲಿ ಪೆನ್ನು."

ಗಿಣಿ ಇನ್ನೂ ನಗಲಿಲ್ಲ. "ಒಂದು ಸಾಲು ಸಾಲದು ದೊಡ್ಡಪ್ಪ."

"ಮಂಡಿ ಕಿತ್ತುಹಾಕು. ಆ ಒಂದೂವರೆ ಪುಟ ನನ್ನ ತಂಗಿಗೆ. ಅಂದ ಹಾಗೆ, ವ್ಯಾಕರಣದ ಮುನ್ನುಡಿಯಲ್ಲಿ 'ನನ್ನ ಹೆಮ್ಮೆ' ಅಂದದ್ದೂ ಸುಳ್ಳು ಅಂತ ಬರೀತೀನಿ."

ಹಳೇ ಸಾಲನ್ನು ಹೊಡೆದುಹಾಕಿ, ತೊಡೆಯ ಮೇಲೆ ಹಾಳೆಯಿಟ್ಟು, ಕಣ್ಣೊರೆಸಿಕೊಳ್ಳುತ್ತ ಒಂದು ಸಾಲು ಗೀಚಿ ಅವಳ ಕೈಗಿತ್ತರು. "ಓದು, ಗಟ್ಟಿಯಾಗಿ ಓದು."

ಗಿಣಿ ಓದಿದಳು: "'ನನ್ನ ಹೆಸರು ಉಳಿಸಿದಪಳು ಅಪಳು.'" ತಲೆಯೆತ್ತಿದಳು. "ಅಪಳು ಅಂದ್ರೆ ಯಾರು, ದೊಡ್ಡಪ್ಪ?"

ನಡುಮನೆಯ ನಗು ಬೀದಿಗೆ ಕೇಳಿಸಿತು. ಅಷ್ಟೂ ನಗುವನ್ನು ಮುಳುಗಿಸುವ ಹಾಗೆ, ಬಾಯಿ ಮುಚ್ಚಲಾರದೆ, ಕುರ್ಚಿಯ ಕೈ ಗುದ್ದಿ ಗುದ್ದಿ ನಗುತ್ತಿದ್ದವರು ದೊಡ್ಡಪ್ಪ.